‘ಎಸ್ ಸರ್’ ಕಲಿಸಿದ ಮಳೆಗಾಲ

ಕಳೆದ ತಿಂಗಳು ಡೊಂಬಿವಲಿಗೆ ಹೋಗಬೇಕಾಗಿ ಬಂತು. ಹಳೆಯ ಸೊಸೈಟಿಯಲ್ಲಿ ಮನೆಯ ಕಾಗದಗಳಿಗೆ ಒಂದು ಸಹಿ ಬಾಕಿ ಇತ್ತು. ನಾನೀಗ ಠಾಣೆಯ ವರ್ತಕ ನಗರದಲ್ಲಿ ತಂಗಿಯ ಮನೆಯಲ್ಲಿರುತ್ತೇನೆ. ಡೊಂಬಿವಲಿ ಬಿಟ್ಟು ಮೂರು ವರ್ಷವಾಯಿತು. ಸ್ಟೇಷನ್ನಿನಿಂದ ಶೇರ್ ರಿಕ್ಷಾದಲ್ಲಿ ಹೋಗುವಾಗ ಸಣ್ಣ ಮಳೆ ಹನಿಯಿತು, ಅದರ ಹಿಂದೆಯೇ ಆ ವಾಸನೆ ಬಂತು. ಕೊಳೆತ ಮೊಟ್ಟೆಗೆ ಫಿನಾಯಿಲ್ ಬೆರೆಸಿದ ಹಾಗಿನ ವಾಸನೆ. ಕೆಮಿಕಲ್ ಝೋನಿನ ಮಗ್ಗುಲಲ್ಲಿ ಇಪ್ಪತ್ತೆಂಟು ವರ್ಷ ಬದುಕಿದವಳು ನಾನು, ಅಲ್ಲಿದ್ದಷ್ಟು ದಿನ ಅದು ಮೂಗಿಗೆ ತಾಗುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನನಗೆ ಸಂಜೀವಣ್ಣ ನೆನಪಾದರು. ಅವರ ಅಂಗಿಗೆ ಸದಾ ಇದೇ ವಾಸನೆ. ನನ್ನ ಇಂಗ್ಲಿಷ್ ಕ್ಲಾಸಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದೆ. ಕೊನೆಯ ವರ್ಷ ಏಳನೇ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದರು, ನಾಲ್ವರೂ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಶಾಲೆ ಮುಚ್ಚಿತು. ಕನ್ನಡ ಸಂಘದವರು ಬಂದು, ನಮ್ಮವರಿಗೆ ಒಂದಿಷ್ಟು ಇಂಗ್ಲಿಷ್ ಹೇಳಿಕೊಡಿ ಎಂದರು. ನನ್ನ ಇಂಗ್ಲಿಷ್ ಎಂದರೆ ಐದನೇ ತರಗತಿಯಿಂದ ಪ್ರತಿ ಸಾಲಿನ ಕೆಳಗೆ ಕನ್ನಡದ ಅರ್ಥ ಬರೆದುಕೊಂಡು ಕಲಿತ ಇಂಗ್ಲಿಷ್. ಆದರೂ ಹಾಳೂರಿಗೆ ಉಳಿದವನೇ ಗೌಡ. ಸಂಘದ ಹಾಲಿನಲ್ಲಿ ವಾರಕ್ಕೆ ಮೂರು ಸಂಜೆ ನಾನು ಇಂಗ್ಲಿಷ್ ಟೀಚರ್ ಆದೆ. ಕನ್ನಡ ಕಲಿಸುವ ಕೆಲಸ ಹೋದ ದುಃಖಕ್ಕಿಂತ ಇಂಗ್ಲಿಷ್ ಟೀಚರ್ ಎನಿಸಿಕೊಂಡ ಹೆಮ್ಮೆ ಗುಲಗಂಜಿಯಷ್ಟು ಹೆಚ್ಚೇ ಇತ್ತು. ಸುಳ್ಳು ಯಾಕೆ ಹೇಳಲಿ?

ಸಂಜೀವ ಪೂಜಾರಿ ಉಡುಪಿಯ ಕಡೆಯವರು, ಐವತ್ತಕ್ಕೆ ಎರಡು ಕಡಿಮೆ. ಮನೆಯಲ್ಲಿ ತುಳು, ಕಾರ್ಖಾನೆಯಲ್ಲಿ ಮರಾಠಿ, ಲೋಕಲ್ಲಿನಲ್ಲಿ ಹಿಂದಿ, ನನ್ನ ಜೊತೆ ಕನ್ನಡ. ಇಷ್ಟೆಲ್ಲ ಇದ್ದ ಮನುಷ್ಯ ಜೂನ್ ತಿಂಗಳ ಮೊದಲ ಮಳೆಯ ದಿನ ಕೊಡೆ ಮಡಚಿ ಬಾಗಿಲಲ್ಲಿ ನಿಂತು, “ನಂಗೆ ಭಾಷೆ ಬರುದಿಲ್ಲ ಟೀಚರ್” ಎಂದರು. ಅವರು ಕೆಮಿಕಲ್ ಕಾರ್ಖಾನೆಯಲ್ಲಿ ಆಪರೇಟರ್. ಆಸಿಡ್ ಹರಿಯುವ ಪೈಪ್ ಲೈನುಗಳನ್ನು ತೆರೆಯುವುದು, ಮುಚ್ಚುವುದು, ಖಾಲಿ ಮಾಡುವುದು ಅವರ ಕೆಲಸ. ಆ ವರ್ಷ ಕಾರ್ಖಾನೆಯನ್ನು ಹೊರದೇಶದವರು ಕೊಂಡುಕೊಂಡಿದ್ದರು. ಮರಾಠಿ ಬೋರ್ಡುಗಳು ಇಳಿದು ಇಂಗ್ಲಿಷ್ ಬೋರ್ಡುಗಳು ಏರಿದ್ದವು. ಗಣಪತಿ ಹಬ್ಬದೊಳಗೆ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗದ ಆಪರೇಟರುಗಳನ್ನು ಗೋಡೌನಿಗೆ ಹಾಕುತ್ತೇವೆ ಎಂದು ನೋಟಿಸೂ ಬಂದಿತ್ತು.

“ಗೋಡೌನಿನಲ್ಲಿ ಡ್ರಮ್ ಉರುಳಿಸ್ಲಿಕ್ಕೆ ನಾಚಿಕೆ ಎಂತದ್ದೂ ಇಲ್ಲ ಟೀಚರ್. ಆದ್ರೆ ಆ ಲೈನಿನ ಒಂದೊಂದು ವಾಲ್ವೂ ನಂಗೆ ಗೊತ್ತುಂಟು. ಗೊತ್ತಿಲ್ಲದವ ಬಂದು ತಿರುಗಿಸಿದ್ರೆ ಯಾರಾದ್ರೂ ಸಾಯ್ತಾರೆ ಮಾರಾಯ್ರೆ.”

ಅವರಿಗೆ ಇಂಗ್ಲಿಷ್ ಕಲಿಸಲು ನಾವು ಹೂಡದ ಆಟವಿಲ್ಲ. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದರು. ಅದು ಹೇಳಿಕೊಟ್ಟಂತೆ ಹೇಳಬೇಕು, ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಇವರು ‘ವಾಲ್ವ್’ ಎಂದರೆ ಅದು ‘ವಾಲ್’, ಅಂದರೆ ಗೋಡೆ ಎಂದು ಬರೆದುಕೊಳ್ಳುತ್ತಿತ್ತು. ‘ಕ್ಲೋಸ್ ದ ವಾಲ್ವ್’ ಎಂದು ಹತ್ತು ಸಲ ಕೂಗಿದರೂ ಕೆಂಪು ಹೋಗಲಿಲ್ಲ. “ಇದಕ್ಕೆ ಕಿವಿಯೇ ಸರಿ ಇಲ್ಲ, ಡಾಕ್ಟರಿಗೆ ತೋರಿಸ್ಬೇಕು” ಎಂದು ಫೋನನ್ನು ಜೇಬಿಗೆ ಹಾಕಿದರು. ಕಾಲೇಜು ಓದುವ ಮಗಳು ಪ್ರತೀಕ್ಷಾಳನ್ನು ಕೇಳಿದರೆ, “ಪಪ್ಪಾ, ಛೋಡೋ ನಾ, ಆಪ್‌ಸೇ ನಹೀ ಹೋಗಾ” ಎಂದು, ನಿಮ್ಮ ಕೈಲಿ ಆಗದು ಬಿಡಿ ಎಂದು, ನಗುತ್ತಿದ್ದಳಂತೆ. ಅವಳದು ಇಂಗ್ಲಿಷ್ ಮಾಧ್ಯಮ. ಅಪ್ಪನ ಕನ್ನಡವೂ ಅವಳಿಗೆ ನಗು, ಇಂಗ್ಲಿಷೂ ನಗು.

ಕೊನೆಗೆ ಕೈಹಿಡಿದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಕಾರ್ಖಾನೆಯ ಒಳಗೆ ಫೋನ್ ಒಯ್ಯುವಂತಿರಲಿಲ್ಲ. ಇವರು ಬೋರ್ಡುಗಳ ಮುಂದೆ ನಿಂತು ಒಂದೊಂದೇ ಅಕ್ಷರ ನೋಡಿ, ರಂಗೋಲಿ ಬರೆಯುವ ಹಾಗೆ ಅದನ್ನು ಪುಸ್ತಕಕ್ಕೆ ಇಳಿಸಿಕೊಂಡು ತರುತ್ತಿದ್ದರು. ಅದರ ಕೆಳಗೆ ಉಚ್ಚಾರ ಕನ್ನಡ ಅಕ್ಷರದಲ್ಲಿ. ಹಾಗೆ ಬರೆಯಬಾರದು ಎಂದು ನಾನು ಬೈಯುತ್ತಿದ್ದೆ. ಅವರು ನಾನು ತಿರುಗಿದಾಗ ಬರೆದುಕೊಳ್ಳುತ್ತಿದ್ದರು. ಒಂದು ದಿನ ‘ಡು ನಾಟ್ ಓಪನ್ ಅನ್‌ಲೆಸ್ ಡ್ರೇನ್ಡ್’ ಎಂಬ ಬೋರ್ಡು ತಂದರು. “ನಾಟ್ ಅಂದ ಮೇಲೆ ಇನ್ನೊಂದು ಅನ್ ಎಂತಕ್ಕೆ ಟೀಚರ್? ತೆರೆಯುದಾ, ತೆರೆಯುದಲ್ವಾ?” ಅರ್ಧ ಗಂಟೆ ತಲೆ ಚಚ್ಚಿಕೊಂಡೆವು. ಖಾಲಿ ಮಾಡದೆ ತೆರೆಯಬೇಡ ಎಂದು ಕನ್ನಡದಲ್ಲಿ ಹೇಳಿದ ಕೂಡಲೇ, “ಅಷ್ಟೆಯಾ? ಅದು ಹುಟ್ಟಿದ ಮಗುವಿಗೂ ಗೊತ್ತುಂಟು” ಎಂದರು.

ಆ ಸಲ ಮಳೆ ಬಿಡುವು ಕೊಡಲಿಲ್ಲ. ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ನಿಲ್ಲುತ್ತಿದ್ದವು, ಹಾಲಿನ ಗೋಡೆಗೆ ಹಸಿರು ಬೂಷ್ಟು ಹಿಡಿದಿತ್ತು, ಹದಿನಾಲ್ಕು ಜನರ ಕ್ಲಾಸು ಆರಕ್ಕೆ ಇಳಿದಿತ್ತು. ಸಂಜೀವಣ್ಣ ಒಂದು ದಿನವೂ ತಪ್ಪಿಸಲಿಲ್ಲ. ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ, ತಪ್ಪಾದರೆ ಎಂಬ ಹೆದರಿಕೆಯಲ್ಲಿ ಬೆವರುತ್ತಾ ನಿಲ್ಲುವರು. ಪರೀಕ್ಷೆ ಮಾಡುವವನಿಗೆ ಮೌನವೆಂದರೆ ದಡ್ಡತನ. ಆಗ ನಾನೊಂದು ಉಪಾಯ ಹೂಡಿದೆ. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ.

“ಸಂಜೀವಣ್ಣ, ಇಲ್ಲಿ ಕೇಳ್ರಿ. ಅಂವಾ ಏನರೆ ಕೇಳ್ಲಿ, ಮದ್ಲ ತಲಿ ಎತ್ತಿ ಅವನ ಕಣ್ಣು ನೋಡ್ರಿ. ‘ಎಸ್ ಸರ್’ ಅನ್ರಿ. ಆಮ್ಯಾಲೆ ಉಸಿರು ತಗೋರಿ. ಮುಂದಿಂದು ತಾನಾಗೇ ಬರ್ತದ.”

ಜುಲೈ, ಆಗಸ್ಟ್ ಪೂರ್ತಿ ಅದನ್ನೇ ತೀಡಿಸಿದೆ. ಡು ಯು ನೋ ದ ಪ್ರೊಸೆಸ್? ಎಸ್ ಸರ್, ಐ ನೋ. ಡಿಡ್ ಯು ಚೆಕ್ ದ ಗೇಜ್? ಎಸ್ ಸರ್, ಐ ಚೆಕ್ಡ್. ಕನ್ನಡಿಯ ಮುಂದೆ ನಿಲ್ಲಿಸಿ ಹೇಳಿಸಿದೆ, ಮಳೆಯ ಸದ್ದಿನ ಮೇಲೆ ಕೇಳುವಂತೆ ಕೂಗಿಸಿದೆ. ನನ್ನ ಪ್ರಶ್ನೆಗಳೆಲ್ಲ ನೇರ. ‘ನೀನು ಮಾಡಲಿಲ್ಲವಾ’ ಎಂಬ ಅಡ್ಡ ಪ್ರಶ್ನೆ ಒಂದನ್ನೂ ನಾನು ಕೇಳಲಿಲ್ಲ, ಹೊಳೆಯಲೂ ಇಲ್ಲ. ಪರೀಕ್ಷೆಯಲ್ಲಿ ಅವರು ಪಾಸಾದರು. ಪೇಡೆಯ ಡಬ್ಬಿ ತಂದು, “ಆ ಇಂಜಿನಿಯರ್ ಸಾಹೇಬ ಹೇಳಿದ, ಪೂಜಾರಿಗೆ ಭಾರಿ ಕಾನ್ಫಿಡೆನ್ಸ್ ಅಂತ” ಎಂದು ಎಲ್ಲರಿಗೂ ಹಂಚಿದರು. ಸಂಘದ ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ನಾನು ಮನೆಗೆ ಬಂದು ಕನ್ನಡಿಯ ಮುಂದೆ ಒಂದು ಸಲ ನಿಂತೆ.

ಗಣಪತಿ ವಿಸರ್ಜನೆಯಾಗಿ ಒಂದು ವಾರಕ್ಕೆ ಅಪಘಾತವಾಯಿತು. ಸಂಜೀವಣ್ಣನ ಲೈನಿನಲ್ಲಿ ಶಿಂದೆ ಎಂಬ ಫಿಟ್ಟರ್ ಇದ್ದರು. ವಿಠ್ಠಲವಾಡಿಯವರು, ಗುತ್ತಿಗೆಯ ಕೆಲಸಗಾರರು. ಹದಿನೆಂಟು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಅಂದು ಪೈಪಿನ ಜೋಡಣೆಯಲ್ಲಿ ಸೋರಿಕೆ ಇತ್ತು, ಶಿಂದೆ ಅದನ್ನು ಬಿಚ್ಚಿ ಸರಿಮಾಡಬೇಕಿತ್ತು. ಬಿಚ್ಚುವ ಮೊದಲು ಲೈನ್ ಖಾಲಿಯಾಗಿದೆ ಎಂದು ಆಪರೇಟರ್ ಹೇಳಬೇಕು. ಸಂಜೀವಣ್ಣ ಮೇಲಿನ ಮಾಳಿಗೆಯಲ್ಲಿ ಆಸಿಡ್ ಇಳಿಯುವುದನ್ನು ನೋಡುತ್ತಿದ್ದರು, ಇನ್ನೂ ಇಳಿದಿರಲಿಲ್ಲ. ಕೆಳಗೆ ಶಿಂದೆ ಬೋಲ್ಟು ಬಿಚ್ಚಿಬಿಟ್ಟರು. ಆಸಿಡ್ ಮುಖಕ್ಕೆ ಹಾರಿತು. ಕಲ್ಯಾಣದ ಆಸ್ಪತ್ರೆಯಲ್ಲಿ ಬಲಗಣ್ಣು ಉಳಿಯಲಿಲ್ಲ.

ಲೈನ್ ಖಾಲಿ ಎಂದು ಶಿಂದೆಗೆ ಯಾರು ಹೇಳಿದರು? ಕಂಪನಿಯವರು ಕೇಳಿದ್ದು ಇದೊಂದೇ. ಹೊರದೇಶದ ಸಾಹೇಬ ಕಂಪ್ಯೂಟರ್ ಪರದೆಯ ಮೇಲೆ ಬಂದು ವಿಚಾರಣೆ ಮಾಡುವುದೆಂದಾಯಿತು. ಅದರ ಹಿಂದಿನ ಸಂಜೆ ಸಂಜೀವಣ್ಣ ನನ್ನ ಹತ್ತಿರ ಬಂದರು. ನಾಲ್ಕು ದಿನದ ಗಡ್ಡ, ಕಣ್ಣು ಕೆಂಪು.

“ಬೇಕಾದ್ರೆ ಮರಾಠಿಯಲ್ಲಿ ಹೇಳ್ಬಹುದಂತೆ ಟೀಚರ್. ಒಬ್ಬ ಇಂಗ್ಲಿಷಿಗೆ ಮಾಡಿ ಹೇಳ್ತಾನಂತೆ. ಎಂತ ಮಾಡುದು?”

“ಮೂರು ತಿಂಗಳು ಕಲ್ತದ್ದು ಯಾಕ ಮತ್ತ? ನೀವು ತಪ್ಪು ಮಾಡಿಲ್ಲಲಾ? ತಲಿ ಎತ್ತಿ ಇಂಗ್ಲಿಷಿನ್ಯಾಗ ಹೇಳ್ರಿ. ನಡುವ ಇನ್ನೊಬ್ಬನ ಬಾಯಿ ಯಾಕ?”

ಅದು ಅವರ ಒಳ್ಳೆಯದಕ್ಕೆ ಹೇಳಿದ್ದು ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಲ್ಲ. ನನ್ನ ಶಿಷ್ಯ ವಿದೇಶದ ಸಾಹೇಬನ ಮುಂದೆ ಇಂಗ್ಲಿಷ್ ಮಾತಾಡಿದ ಎಂದು ಸಂಘದಲ್ಲಿ ಹೇಳಿಕೊಳ್ಳುವ ಆಸೆ ನನಗಿತ್ತು. ಅಲ್ಪ ವಿದ್ಯಾ ಮಹಾಗರ್ವಿ ಎಂದು ಮಕ್ಕಳಿಗೆ ಇಪ್ಪತ್ತೆರಡು ವರ್ಷ ಹೇಳಿಕೊಟ್ಟವಳಿಗೆ ಅದು ತನ್ನ ಬಗ್ಗೆಯೇ ಇದ್ದೀತು ಎಂದು ತಿಳಿಯಲಿಲ್ಲ.

ವಿಚಾರಣೆ ಚೆನ್ನಾಗಿ ಆಯಿತು ಎಂದೇ ಅವರು ಬಂದು ಹೇಳಿದರು. ಹತ್ತು ದಿನ ಬಿಟ್ಟು ಅದರ ಪ್ರತಿ ಕೈಗೆ ಬಂತು. ಮೊದಲು ಓದಿದ್ದು ಮಗಳು. ಆ ಸಂಜೆ ಅವಳೇ ಅಪ್ಪನನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಅಪ್ಪನ ಮಾತಿಗೆಲ್ಲ ನಗುವ ಹುಡುಗಿಯ ಮುಖದಲ್ಲಿ ಅಂದು ನಗುವಿರಲಿಲ್ಲ.

“ಟೀಚರ್, ಪಪ್ಪಾನೇ ಖುದ್ ಬೋಲಾ ಹೈ, ಲೈನ್ ಎಂಪ್ಟಿ ಥಾ ಕರ್ಕೆ” ಎಂದಳು, ಲೈನ್ ಖಾಲಿ ಇತ್ತೆಂದು ಪಪ್ಪಾನೇ ಹೇಳಿದ್ದಾರೆ ಎಂದು. ಅಪ್ಪನ ಕಡೆ ತಿರುಗಿ, “ಐಸಾ ಕ್ಯೂಂ ಬೋಲಾ ಪಪ್ಪಾ?”, ಯಾಕೆ ಹಾಗೆ ಹೇಳಿದಿರಿ ಎಂದು ಅತ್ತಳು.

“ನಾನು ಹೇಳ್ಲೇ ಇಲ್ಲ ಟೀಚರ್” ಎಂದರು ಸಂಜೀವಣ್ಣ. “ದೇವರಾಣೆ. ಶಿಂದೆಗೂ ಹೇಳ್ಲಿಲ್ಲ, ಸಾಹೇಬನಿಗೂ ಹೇಳ್ಲಿಲ್ಲ.”

ಕಾಗದ ನೋಡಿದೆ. ಪ್ರಶ್ನೆ ಹೀಗಿತ್ತು: ‘ಯು ಡಿಡ್ ನಾಟ್ ಟೆಲ್ ಹಿಮ್ ದಟ್ ದ ಲೈನ್ ವಾಸ್ ಎಂಪ್ಟಿ?’ ಉತ್ತರ: ‘ಎಸ್ ಸರ್.’ ಸಾಹೇಬ ಮತ್ತೊಮ್ಮೆ ಕೇಳಿದ್ದ, ‘ಎಸ್?’ ಇವರು ಮತ್ತೊಮ್ಮೆ ಹೇಳಿದ್ದರು, ‘ಎಸ್ ಸರ್.’ ಅದರ ಕೆಳಗೆ, ಲೈನ್ ಖಾಲಿ ಇದೆ ಎಂದು ಫಿಟ್ಟರನಿಗೆ ತಾನೇ ಹೇಳಿದ್ದಾಗಿ ಆಪರೇಟರ್ ಒಪ್ಪಿಕೊಂಡಿದ್ದಾನೆ ಎಂದು ಷರಾ. ಅದರ ಕೆಳಗೆ ನಾನೇ ತಿದ್ದಿ ತೀಡಿಸಿದ ಇಂಗ್ಲಿಷ್ ಸಹಿ.

ನಾನು ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. “ಲೈನ್ ಖಾಲಿ ಅದ ಅಂತ ನೀವು ಅವಗ ಹೇಳ್ಲಿಲ್ಲ?”

“ಹೌದು ಟೀಚರ್” ಎಂದರು ತಟ್ಟನೆ. “ಹೇಳ್ಲಿಲ್ಲ.”

ಆಗ ನನಗೆ ಹೊಳೆಯಿತು. ನಾವು ಹೌದು ಎನ್ನುವುದು ಕೇಳಿದವನ ಮಾತಿಗೆ. ಹೇಳಲಿಲ್ಲ ಎಂದೆಯಲ್ಲ, ಹೌದು, ನಿನ್ನ ಮಾತು ಸರಿ, ಹೇಳಲಿಲ್ಲ. ಅವರು ಎಸ್ ಎನ್ನುವುದು ನಡೆದ ಸಂಗತಿಗೆ. ಎಸ್ ಎಂದರೆ ಹೇಳಿದೆ, ನೋ ಎಂದರೆ ಹೇಳಲಿಲ್ಲ, ಕೇಳಿದವನು ಹೇಗೆ ಕೇಳಿದರೂ ಅಷ್ಟೇ. ವ್ಯಾಕರಣದ ಪುಸ್ತಕದಲ್ಲಿ ಇದು ಒಂದು ಸಾಲು. ನಾನದನ್ನು ಓದಿದ್ದೆ, ಕಲಿಸಿರಲಿಲ್ಲ. ಕಲಿಸದೆ ಹೋದದ್ದು ಸಾಲದೆಂದು, ಏನು ಕೇಳಿದರೂ ಮೊದಲು ಎಸ್ ಅನ್ನಿ ಎಂದು ಉರುಹೊಡೆಸಿದ್ದೆ. ಪ್ರತೀಕ್ಷಾಳಿಗೆ ಬಿಡಿಸಿ ಹೇಳಿದೆ. ಅವಳು ಅಪ್ಪನ ಮುಖವನ್ನೇ ನೋಡಿದಳು. ನನ್ನ ಮುಖ ನೋಡಲಿಲ್ಲ.

ಮೂರು ದಿನ ಕೂತು ಒಂದು ಪತ್ರ ಬರೆದೆ. ಜೀವಮಾನದಲ್ಲಿ ಅಷ್ಟು ಎಚ್ಚರದಿಂದ ಇಂಗ್ಲಿಷ್ ಬರೆದವಳಲ್ಲ. ಸಂಜೀವಣ್ಣನನ್ನು ಕರೆದುಕೊಂಡು ಠಾಣೆಗೆ ಹೋಗಿ, ಅಲ್ಲಿ ರೈಲು ಬದಲಿಸಿ ಬೇಲಾಪುರಕ್ಕೆ ಹೋದೆ. ಕಂಪನಿಯ ದೊಡ್ಡ ಆಫೀಸು ಅಲ್ಲಿತ್ತು. ವಿಚಾರಣೆಯನ್ನು ಟೈಪ್ ಮಾಡಿದ್ದ ಮೇಡಂ ನಮ್ಮನ್ನು ಕೂರಿಸಿ ಕೇಳಿದರು. ಉತ್ತರದ ಕಡೆಯವರು, ನಲವತ್ತರ ಒಳಗಿನ ವಯಸ್ಸು. ಪತ್ರ ಓದಿ ತಲೆಯಾಡಿಸಿದರು. ಇಂಥದ್ದನ್ನು ಎಲ್ಲರೂ ಆಮೇಲೆ ಹೇಳುತ್ತಾರೆ ಎಂಬ ಮುಖ. ಆಮೇಲೆ ನನ್ನತ್ತ ತಿರುಗಿ ಕೇಳಿದರು, “ಯು ನೆವರ್ ಟಾಟ್ ಹಿಮ್ ದಿಸ್?”

“ಎಸ್ ಮೇಡಂ” ಎಂದೆ.

“ಎಸ್?”

“ಎಸ್… ನೋ, ನೋ ಮೇಡಂ! ಐ ಡಿಡ್ ನಾಟ್.”

ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಪತ್ರ ಮಾಡದ ಕೆಲಸವನ್ನು ನನ್ನ ಆ ತಪ್ಪು ಮಾಡಿತ್ತು, ಅವರಿಗೆ ನಂಬಿಕೆ ಬಂದಿತ್ತು. ಧ್ವನಿ ಮೆತ್ತಗೆ ಮಾಡಿ ಹಿಂದಿಯಲ್ಲಿ ಹೇಳಿದರು: ಬರೆದ ದಾಖಲೆಯನ್ನು ನಾನೊಬ್ಬಳೇ ತಿದ್ದಲಾರೆ. ತನಗೆ ಯಾರೂ ಹೇಳಲಿಲ್ಲ ಎಂದು ಶಿಂದೆಯೇ ಬರೆದುಕೊಡಲಿ, ಒಂದು ವಾರ ಈ ಕಡತ ಮುಂದೆ ಹೋಗದಂತೆ ತಡೆದಿರುತ್ತೇನೆ. ಅಲ್ಲಿಯೇ ಕೂತು ಶಿಂದೆ ಸಹಿ ಹಾಕಬೇಕಾದ ನಾಲ್ಕು ಸಾಲನ್ನು ಟೈಪ್ ಮಾಡಿಯೂ ಕೊಟ್ಟರು. ವಾಪಸು ಬರುವಾಗ ರೈಲಿನಲ್ಲಿ ಸಂಜೀವಣ್ಣ, “ನೀವೂ ಎಸ್ ಅಂದ್ರಲ್ಲ ಟೀಚರ್” ಎಂದು ನಕ್ಕರು. ತಿಂಗಳ ಮೇಲೆ ನಕ್ಕದ್ದು ಅದೇ ಮೊದಲು. ನಾನು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ.

ಮುಂದಿನದನ್ನು ಎಳೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವರ ಕೆಲಸ ಹೋಯಿತು. ದೀಪಾವಳಿಯ ಹೊತ್ತಿಗೆ ಗೇಟಿನ ಒಳಗೂ ಬಿಡಲಿಲ್ಲ. ಐರೋಳಿಯಲ್ಲಿ ಸಂಬಂಧಿಕರ ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳಲು ಸೇರಿದರು. ನನ್ನ ಕ್ಲಾಸೂ ಆ ವರ್ಷಕ್ಕೇ ನಿಂತಿತು. ಯಾರೂ ನಿಲ್ಲಿಸಿ ಎನ್ನಲಿಲ್ಲ, ನನಗೇ ಬಾಯಿ ಬರಲಿಲ್ಲ. ಇದೆಲ್ಲ ತೀರ್ಮಾನವಾದದ್ದು ಬೇಲಾಪುರದ ಆಫೀಸಿನಲ್ಲಿ ಅಲ್ಲ, ಅದರ ಎರಡನೆಯ ದಿನ ವಿಠ್ಠಲವಾಡಿಯಲ್ಲಿ, ಶಿಂದೆಯ ಮನೆಯಲ್ಲಿ.

ಒಂದೇ ಕೋಣೆಯ ಚಾಳಿನ ಮನೆ. ಶಿಂದೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗಣ್ಣಿನ ಮೇಲೆ ಬಟ್ಟೆ, ಕೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮ ಸುಕ್ಕಿ ಹೊಳೆಯುತ್ತಿತ್ತು. ಹೆಂಡತಿ ನೀರು ಕೊಟ್ಟು ಬಾಗಿಲ ಬಳಿ ನಿಂತಳು, ಕೂರಿ ಎನ್ನಲಿಲ್ಲ. ಸಂಜೀವಣ್ಣ ಮಂಚದ ತುದಿಯಲ್ಲಿ ಕೂತು ಮರಾಠಿಯಲ್ಲಿ ಎಲ್ಲ ಹೇಳಿದರು. ಎಷ್ಟು ಸಲೀಸಾಗಿ ಮಾತಾಡುತ್ತಿದ್ದರು! ಮೂರು ತಿಂಗಳು ನನ್ನ ಮುಂದೆ ಬೆವರಿದ ಮನುಷ್ಯ ಇವರೇನಾ ಎನಿಸಿತು. ಶಿಂದೆ ಕೊನೆಯವರೆಗೂ ಕೇಳಿ ಒಂದೇ ಮಾತು ಕೇಳಿದರು.

“ಪೂಜಾರಿ, ತೂ ಮಲಾ ಸಾಂಗಿತಲಂ ನವ್ಹತಂಸ?” ನೀನು ನನಗೆ ಹೇಳಿರಲಿಲ್ಲ?

“ಹೋ” ಎಂದರು ಸಂಜೀವಣ್ಣ.

ಶಿಂದೆ ತಲೆಯಾಡಿಸಿದರು. ಮರಾಠಿಯ ಹೋ ನಮ್ಮ ಹೌದಿನ ಹಾಗೆಯೇ. “ಮಲಾ ಮಾಹೀತ ಆಹೆ ರೇ” ಎಂದರು, ನನಗೆ ಗೊತ್ತಪ್ಪ. ಇಂಜಿನಿಯರ್ ಬೇಗ ಬೇಗ ಎಂದು ಕೂಗುತ್ತಿದ್ದ, ಖಾಲಿಯಾಗಿದ್ದೀತು ಎಂದು ತಾನೇ ಬಿಚ್ಚಿದೆ, ಯಾರೂ ಹೇಳಲಿಲ್ಲ ಎಂದರು. ನಾನು ಹಿಗ್ಗಿ ಚೀಲದಿಂದ ಕಾಗದವನ್ನೂ ಪೆನ್ನನ್ನೂ ತೆಗೆದೆ. ಬಾಗಿಲಲ್ಲಿದ್ದ ಹೆಂಡತಿ ಮುಂದೆ ಬಂದಳು.

“ಟೀಚರ್ ಬಾಯಿ, ಅದಕ್ಕೆ ಇವರು ಸಹಿ ಹಾಕಿದರೆ ನಮಗೇನು ಉಳಿಯುತ್ತದೆ?” ಎಂದು ಮರಾಠಿಯಲ್ಲಿ ಕೇಳಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋವಾಯಿತು. ವಕೀಲರು ಅವಳಿಗೆ ತಿಳಿಸಿ ಹೇಳಿದ್ದರು. ಆಪರೇಟರ್ ಹೇಳಿದ ಮೇಲೆ ಬಿಚ್ಚಿದ್ದರೆ ತಪ್ಪು ಕಂಪನಿಯದು, ಪರಿಹಾರ ಕೊಡಲೇಬೇಕು. ಯಾರೂ ಹೇಳದೆ ಬಿಚ್ಚಿದ್ದರೆ ತಪ್ಪು ಶಿಂದೆಯದು, ಗುತ್ತಿಗೆಯ ಮನುಷ್ಯನಿಗೆ ಆಗ ಏನೂ ಇಲ್ಲ. ಸಂಜೀವಣ್ಣನ ಒಂದು ‘ಎಸ್ ಸರ್’ ಮೇಲೆ ಆ ಮನೆ ನಿಂತಿತ್ತು. ಪೂಜಾರಿಗೆ ಎರಡು ಕಣ್ಣಿವೆ, ಎಲ್ಲಿಯಾದರೂ ಕೆಲಸ ಸಿಕ್ಕೀತು ಎಂದಳು.

ನಾನು ಏನೋ ಹೇಳಲು ಹೋದೆ. ಇವರ ಹೆಸರು ಕೆಡುತ್ತದೆ, ಸ್ನೇಹಿತನ ಕಣ್ಣು ಕಳೆದವನೆಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದೆಲ್ಲ ಬಾಯಿಗೆ ಬಂತು. ಸಂಜೀವಣ್ಣ ಕೈ ಎತ್ತಿ ನನ್ನನ್ನು ತಡೆದರು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡರು. ಶಿಂದೆ ಗೋಡೆಯಿಂದ ಬೆನ್ನೆತ್ತಿ, ಉಳಿದ ಒಂದು ಕಣ್ಣಿನಿಂದ ಅವರನ್ನೇ ನೋಡುತ್ತಾ ಕೇಳಿದರು.

“ಪೂಜಾರಿ, ತೂ ಆತಾ ತೇ ಬದಲಣಾರ ನಾಹೀಸ?” ಇನ್ನು ಅದನ್ನು ನೀನು ಬದಲಿಸುವುದಿಲ್ಲ?

“ಹೋ” ಎಂದರು ಸಂಜೀವಣ್ಣ.

ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ಅರ್ಥವಾಯಿತು.